ನಾಲ್ಕನೆಯದನ್ನು ಕೊಡುವುದಿಲ್ಲ

ಫೆಬ್ರವರಿ 2, ಭಾನುವಾರ

ಇವತ್ತು ಆ ಮನುಷ್ಯ ಮನೆಗೆ ಬಂದಿದ್ದ. ಬಾಗಿಲಲ್ಲಿ ಬೂಟು ಬಿಟ್ಟ ರೀತಿ ನೋಡಿಯೇ ನನಗೆ ಅನುಮಾನ ಬಂತು. ಎರಡನ್ನೂ ಗೋಡೆಗೆ ಸಮನಾಗಿ ಜೋಡಿಸಿ, ಮೂತಿಯನ್ನು ಬಾಗಿಲ ಕಡೆಗೆ ತಿರುಗಿಸಿ ಇಟ್ಟ. ಹಾಗೆ ಇಡುವವನು ಒಂದೋ ಬಹಳ ಶಿಸ್ತಿನವನು, ಇಲ್ಲವೇ ಹೊತ್ತು ಬಂದರೆ ಓಡಿಹೋಗುವವನು.

ಅವನು ಲಿಫ್ಟ್ ರಿಪೇರಿಯವನು. ಹೋದ ವರ್ಷ ಅಮ್ಮ ತನ್ನ ಕಚೇರಿಯ ಲಿಫ್ಟಿನಲ್ಲಿ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿದ್ದಳು. ಜೊತೆಗೆ ಹೊಸದಾಗಿ ಕೆಲಸಕ್ಕೆ ಸೇರಿದ ಒಬ್ಬಳು ಹುಡುಗಿ. ಅವಳದು ಅಳು, ಅಮ್ಮನದು ಸಮಾಧಾನ. ಮೇಲಿನಿಂದ ಮಾತಾಡಿಸುತ್ತಾ ಇಬ್ಬರನ್ನೂ ಹೊರಗೆ ತೆಗೆದವನು ಇವನು. ಆಮೇಲಿಂದ ಆ ಲಿಫ್ಟು ತಿಂಗಳಿಗೆ ಎರಡು ಸಲ ಕೆಡುತ್ತಿದೆ. ಇದು ಹೇಗೆ ಎಂದು ಅಮ್ಮನನ್ನು ಕೇಳಿದರೆ, "ಹಳೇ ಲಿಫ್ಟು ಕಣೇ" ಎನ್ನುತ್ತಾಳೆ. ಅದಕ್ಕೂ ಹಿಂದಿನ ವರ್ಷ ಅದು ಹೊಸದಾಗಿತ್ತೇ?

ಊಟ ಮಾಡಿದ. ಬಡಿಸಿದ್ದನ್ನೆಲ್ಲ ಹೊಗಳಲಿಲ್ಲ, ಅದೊಂದು ಸಮಾಧಾನ. ಕೈ ತೊಳೆಯಲು ಹೋಗುವಾಗ ನನ್ನ ಕೋಣೆಯ ಬಾಗಿಲಲ್ಲಿ ನಿಂತುಬಿಟ್ಟ. ಒಳಗೆ ನನ್ನ ಮೆಚ್ಚಿನ ರಾಕ್ ಬ್ಯಾಂಡಿನ ಕ್ಯಾಸೆಟ್ ಹಾಡುತ್ತಿತ್ತು.

"ಯಾರು ಇವರು?"

ಹೇಳಿದೆ.

"ನಾನು ರಾಕ್ ಗೀಕ್ ಏನೂ ಕೇಳಿದವನಲ್ಲ. ಕೇಳಬೇಕು ಅಂದ್ರೆ ಇವರದ್ದು ಯಾವ ಆಲ್ಬಂನಿಂದ ಶುರು ಮಾಡ್ಬೇಕು? ನೀವೇ ಹೇಳಿ."

ನೀವು! ಹತ್ತೊಂಬತ್ತು ವರ್ಷದವಳಿಗೆ, ಶಾಲೆ ಬಿಟ್ಟವಳಿಗೆ, ಲಾಂಡ್ರಿಯಲ್ಲಿ ಬಟ್ಟೆಗೆ ಚೀಟಿ ಕಟ್ಟುವವಳಿಗೆ ನೀವು. ಇಷ್ಟು ಮರ್ಯಾದೆಯನ್ನು ಯಾರೂ ಪುಕ್ಕಟೆ ಕೊಡುವುದಿಲ್ಲ. "ಯೋಚಿಸಿ ಹೇಳ್ತೀನಿ" ಎಂದೆ.

ಅವನು ಹೋದ ಮೇಲೆ ಅಮ್ಮ ನನ್ನನ್ನು ಕೂರಿಸಿಕೊಂಡಳು. ಮುಂದಿನ ತಿಂಗಳು ಒಂಬತ್ತಕ್ಕೆ ಅವನ ಅಕ್ಕ ಮಾತುಕತೆಗೆ ಬರುತ್ತಾಳಂತೆ. "ಅಷ್ಟರೊಳಗೆ ನೀನು ಹೇಳ್ಬೇಕು. ನೀನು ಹೂಂ ಅಂದ್ರೆ ಮದುವೆ. ಉಹೂಂ ಅಂದ್ರೆ ಇಲ್ಲ, ಅಲ್ಲಿಗೆ ಮುಗೀತು. ನಾನು ಮುಖ ಗಂಟು ಹಾಕ್ಕೊಂಡು ಕೂರಲ್ಲ."

"ಬೇರೆಯವರ ಮದುವೆಗೆ ನಾನ್ಯಾಕೆ ಹೂಂ ಅನ್ಬೇಕು?"

"ನಿನಗೆ ಸುಳ್ಳು ಹೇಳೋಕೆ ಬರಲ್ಲ. ಅದಕ್ಕೆ."

ಫೆಬ್ರವರಿ 3, ಸೋಮವಾರ

ಅವನ ಪ್ರಶ್ನೆ ತಲೆಯಲ್ಲಿ ಕೂತಿದೆ. ಪ್ರಶ್ನೆ ಕೇಳಿದವನು ಎಂಥವನೇ ಆಗಲಿ, ಪ್ರಶ್ನೆ ಒಳ್ಳೆಯದು. ಇವತ್ತು ಒಂದು ಕೋಟಿಗೆ ಇನ್ನೊಂದು ಕೋಟಿನ ಚೀಟಿ ಕಟ್ಟಿ ಯಜಮಾನರಿಂದ ಬೈಸಿಕೊಂಡೆ.

ಬ್ಯಾಂಡಿನದು ಒಟ್ಟು ಐದು ಆಲ್ಬಂ.

ಮೊದಲನೆಯದನ್ನು ಯಾರದೋ ಕಾರ್ ಶೆಡ್ಡಿನಲ್ಲಿ ರೆಕಾರ್ಡ್ ಮಾಡಿದ್ದು. ಹೊಸಬರಿಗೆ ಸ್ಟೀಲ್ ಬೀರು ಮೆಟ್ಟಿಲ ಮೇಲಿಂದ ಉರುಳಿಬಂದ ಹಾಗೆ ಕೇಳಿಸುತ್ತದೆ. ಹತ್ತನೆಯ ಸಲ ಕೇಳಿದಾಗ ಆ ಬೀರುವಿನೊಳಗೆ ಯಾರೋ ಹಾಡುತ್ತಿದ್ದಾರೆ ಎಂದು ಗೊತ್ತಾಗುತ್ತದೆ. ಒಂಬತ್ತು ಸಲ ತಾಳುವವರು ಯಾರು?

ಎರಡನೆಯದು ಎಲ್ಲರಿಗೂ ಇಷ್ಟ. ಕ್ಷೌರದ ಅಂಗಡಿಯಲ್ಲೂ ಹಾಕುತ್ತಿದ್ದರಂತೆ. ತೊಂದರೆ ಏನೆಂದರೆ, ಇದರಿಂದ ಶುರು ಮಾಡಿದವರು ಇದರಲ್ಲೇ ನಿಂತುಬಿಡುತ್ತಾರೆ. ಬಾಗಿಲಲ್ಲೇ ಕುರ್ಚಿ ಎಳೆದುಕೊಂಡು ಕೂತುಬಿಡುವ ನೆಂಟರ ಹಾಗೆ. ಒಳಗೆ ಎಷ್ಟು ಕೋಣೆಗಳಿವೆ ಎಂದು ನೋಡುವುದೇ ಇಲ್ಲ.

ಮೂರನೆಯದರಲ್ಲಿ ಕ್ಯಾಸೆಟ್ಟಿನ ಒಂದು ಇಡೀ ಕಡೆಗೆ ಒಂದೇ ಹಾಡು. ನಡುವೆ ಎದ್ದು ಹೋಗಿ ಚಹಾ ಕುಡಿದು ಬಂದರೂ ಅದೇ ಹಾಡು.

ಐದನೆಯದು ಡ್ರಮ್ಮಿನವನು ಬಿಟ್ಟುಹೋದ ಮೇಲಿನದು. ವಯಲಿನ್ ತುಂಬಿದ್ದಾರೆ. ಸಕ್ಕರೆ ಹೆಚ್ಚಾದ ಚಹಾ. ಅವಮಾನ.

ನಾಲ್ಕನೆಯದರ ಬಗ್ಗೆ ಇಲ್ಲೂ ಬರೆಯುವುದಿಲ್ಲ. ಅದನ್ನು ಅವನಿಗೆ ಕೊಡುವುದಿಲ್ಲ. ಮಿಕ್ಕವೆಲ್ಲ ಅಂಗಡಿಯಲ್ಲಿ ಕೊಂಡ ಕ್ಯಾಸೆಟ್. ನಾಲ್ಕನೆಯದು ಕ್ಯಾಸೆಟ್ಟಾಗಿ ಬರಲೇ ಇಲ್ಲ, ರೆಕಾರ್ಡು ಮಾತ್ರ ಬಂದದ್ದು, ಅದನ್ನೂ ಯಾರೂ ಕೊಳ್ಳಲಿಲ್ಲ. ನಮ್ಮಲ್ಲಿರುವುದು ಅಪ್ಪ ಯಾರದೋ ರೆಕಾರ್ಡಿನಿಂದ ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಂಡ ಪ್ರತಿ. ಮೇಲೆ ಅಪ್ಪನ ಕೈಬರಹದಲ್ಲಿ ಬರೀ '4' ಎಂದಿದೆ. ಅದನ್ನು ನಾನು ಹೆಡ್‌ಫೋನ್ ಹಾಕಿಕೊಂಡೇ ಕೇಳುವುದು. ಗಾಳಿಗೆ ಬಿಟ್ಟರೆ ಸವೆದುಹೋಗುತ್ತದೇನೋ ಎಂಬಂತೆ.

ಅಪ್ಪ ಹೋದಾಗ ನನಗೆ ಮೂರು ವರ್ಷ. ಮುಖ ಫೋಟೋದಲ್ಲಿದೆ. ಧ್ವನಿ ನೆನಪಿಲ್ಲ. "ನೆನಪಿದೆಯಾ?" ಎಂದು ನೆಂಟರು ಕೇಳಿದಾಗ ಹೂಂ ಅಂದರೆ ಅವರಿಗೆ ಖುಷಿಯಾಗುತ್ತದೆ. ಆದರೂ ಇಲ್ಲ ಎಂದೇ ಹೇಳುತ್ತೇನೆ.

ಫೆಬ್ರವರಿ 5, ಬುಧವಾರ

ತೀರ್ಮಾನಿಸಿದೆ. ಐದನೆಯದನ್ನೇ ಕೊಡುವುದು. ಕೇಳಿ ಓಡಿಹೋಗಲಿ.

ಸಂಜೆ ಅಮ್ಮನನ್ನು ವ್ಯಾನಿನಲ್ಲಿ ಬಿಡಲು ಬಂದಿದ್ದ. ಕೆಳಗಿಳಿದು ಹೋಗಿ ಕೊಟ್ಟೆ. ಕೊಡುವಾಗ ಬಾಯಿ ಸುಮ್ಮನಿರಬೇಕಲ್ಲ: "ಇದು ಅವರ ಅತಿ ಕೆಟ್ಟ ಆಲ್ಬಂ."

"ಮತ್ತೆ ನನಗ್ಯಾಕೆ ಇದು?"

"ನಿಮ್ಮನ್ನ ಓಡಿಸೋಕೆ."

ಅಮ್ಮ ಹಣೆ ಚಚ್ಚಿಕೊಂಡಳು. ಅವನು ಮಾತ್ರ ಕ್ಯಾಸೆಟ್ಟನ್ನು ಎರಡೂ ಕಡೆ ತಿರುಗಿಸಿ ನೋಡಿ, "ಸರಿ, ಒಳ್ಳೇದು ಆಮೇಲೆ ಬರುತ್ತೆ ಅಂತಾಯ್ತು" ಎಂದು ಜೇಬಿಗೆ ಹಾಕಿಕೊಂಡ. ಬಹಳ ಚಾಲಾಕಿ.

ಫೆಬ್ರವರಿ 9, ಭಾನುವಾರ

ಇಷ್ಟವಾಯಿತಂತೆ! ಐದನೆಯದು!

"ಆ ವಯಲಿನ್ ಬರುತ್ತಲ್ಲ, ಅದು ಚೆನ್ನಾಗಿದೆ" ಎಂದ.

"ಚೆನ್ನಾಗಿಲ್ಲ. ಅದು ಹಾಡು ಮುಚ್ಚೋಕೆ ಹೊದಿಸಿರೋ ಬೆಡ್‌ಶೀಟು."

"ಇರಬಹುದು. ನನಗೆ ಬೆಡ್‌ಶೀಟು ಇಷ್ಟ ಆಯ್ತು."

ನನ್ನನ್ನು ಮೆಚ್ಚಿಸಲು ಬಂದವನಾದರೆ ನಾನು ಕೆಟ್ಟದ್ದು ಎಂದದ್ದನ್ನು ತಾನೂ ಕೆಟ್ಟದ್ದು ಎನ್ನಬೇಕಿತ್ತು. ಹಾಗಾದರೆ ಇವನು ಮೆಚ್ಚಿಸಲು ಬಂದವನಲ್ಲ ಎಂದು ನಾನು ನಂಬಲಿ ಎಂದೇ ಹೀಗೆ ಹೇಳಿದನೇ? ಯೋಚಿಸಿ ಯೋಚಿಸಿ ತಲೆ ಚಿಟ್ಟು ಹಿಡಿಯಿತು. ಮೊದಲನೆಯದನ್ನು ಕೊಟ್ಟು ಕಳುಹಿಸಿದೆ. ಬೀರು ಉರುಳಲಿ.

ಫೆಬ್ರವರಿ 12, ಬುಧವಾರ

ಅವನ ಕೆಲಸದ ಕೋಟು ನಮ್ಮ ಲಾಂಡ್ರಿಗೆ ಬಂದಿದೆ. ಊರಲ್ಲಿ ಇಷ್ಟೊಂದು ಲಾಂಡ್ರಿಗಳಿರುವಾಗ ಇಲ್ಲಿಗೇ ಯಾಕೆ?

ಒಗೆಯುವ ಮೊದಲು ಜೇಬು ನೋಡುವುದು ನನ್ನ ಕೆಲಸ. ಬೇಹುಗಾರಿಕೆಯಲ್ಲ. ಸಿಕ್ಕಿದ್ದು: ಗ್ರೀಸ್ ಮೆತ್ತಿದ ಒಂದು ನಟ್ಟು, ಪೆಪ್ಪರ್‌ಮಿಂಟ್ ಕಾಗದ, ಮೋಟು ಪೆನ್ಸಿಲ್ಲು. ಪೆನ್ಸಿಲ್ಲಿನ ಮೈಮೇಲೆ ಸುತ್ತಲೂ ಸಣ್ಣ ಸಣ್ಣ ಗೀರು. ಕ್ಯಾಸೆಟ್ಟಿನ ತೂತಿಗೆ ತೂರಿಸಿ ಸಡಿಲಾದ ಟೇಪನ್ನು ಬಿಗಿ ಮಾಡಿದರೆ ಹೀಗೆ ಗೀರು ಬೀಳುತ್ತದೆ. ನನ್ನ ಪೆನ್ಸಿಲ್ಲುಗಳೆಲ್ಲ ಹಾಗೇ ಇವೆ.

ನಮ್ಮಲ್ಲಿ ಇಸ್ತ್ರಿ ಮಾಡುವ ಅಕ್ಕ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. "ಯಾರದೇ ಕೋಟು, ಅಷ್ಟು ಹೊತ್ತು ಹಿಡ್ಕೊಂಡಿದ್ದೀಯ?"

ಹೇಳಿದೆ.

"ಓಹೋ, ಲಿಫ್ಟಪ್ಪನದ್ದಾ!" ಎಂದು ಹಲ್ಲು ಬಿಟ್ಟಳು. ಈಗ ಲಾಂಡ್ರಿಯಲ್ಲಿ ಎಲ್ಲರೂ ಅವನನ್ನು ಲಿಫ್ಟಪ್ಪ ಎನ್ನುತ್ತಿದ್ದಾರೆ. ನನಗೆ ಹಿಡಿಸಲಿಲ್ಲ. ಅನುಮಾನ ಪಡುವುದು ಬೇರೆ, ಅಡ್ಡಹೆಸರಿಡುವುದು ಬೇರೆ.

ಫೆಬ್ರವರಿ 16, ಭಾನುವಾರ

ಮೊದಲನೆಯದರಿಂದ ತಲೆನೋವು ಬಂತಂತೆ. ಎರಡನೆಯ ಕಡೆ ಕೇಳುವಾಗ ನಿದ್ದೆ ಹೋದನಂತೆ. ಅಷ್ಟು ಗದ್ದಲದಲ್ಲಿ ನಿದ್ದೆಯೇ ಎಂದೆ. "ಮೋಟಾರ್ ಕೋಣೆಯಲ್ಲೇ ನಿದ್ದೆ ಮಾಡೋನು ನಾನು" ಎಂದ. ಆಮೇಲೆ, "ಆ ಡ್ರಮ್ ಬಾರಿಸೋನಿಗೂ ಹಾಡೋನಿಗೂ ಆಗಿಬರಲ್ಲ, ಅಲ್ವಾ? ಒಬ್ಬ ಮುಂದೆ ಎಳೀತಾನೆ, ಇನ್ನೊಬ್ಬ ಹಿಂದೆ" ಎಂದ.

ನಿಜ. ನಾಲ್ಕನೆಯದರ ನಂತರ ಅವರಿಬ್ಬರೂ ಕಿತ್ತಾಡಿಕೊಂಡೇ ಬೇರೆಯಾದದ್ದು. ಇದು ಇವನಿಗೆ ಹೇಗೆ ಗೊತ್ತು? ಅಮ್ಮ ಹೇಳಿಕೊಟ್ಟಳೇ? ಅಮ್ಮನಿಗೆ ಆ ಬ್ಯಾಂಡಿನಲ್ಲಿ ಎಷ್ಟು ಜನ ಎಂಬುದೂ ಗೊತ್ತಿಲ್ಲ.

ಮೂರನೆಯದನ್ನೂ ಎರಡನೆಯದನ್ನೂ ಒಟ್ಟಿಗೆ ಕೊಟ್ಟೆ. ಬೆರಳು ಮಡಿಸುತ್ತಾ ಎಣಿಸಿದ. "ನಾಲ್ಕನೇದು?"

"ನಾಲ್ಕನೇದು ಕೊಡಲ್ಲ."

"ಸರಿ" ಎಂದ. ಯಾಕೆ ಎಂದು ಕೇಳಲೇ ಇಲ್ಲ. ಕೇಳದೆ ಇರುವವರನ್ನು ಕಂಡರೆ ನನಗೆ ಇನ್ನೂ ಹೆಚ್ಚು ಅನುಮಾನ.

ಫೆಬ್ರವರಿ 18, ಮಂಗಳವಾರ

ನನ್ನ ಕೋಣೆಯ ಕಿಟಕಿಯ ಚಿಲಕ ಸರಿಯಾಗಿದೆ. ಮಧ್ಯಾಹ್ನ ಅವನು ಬಂದಿದ್ದನಂತೆ. ಲಂಚ.

ಗಾಳಿಗೆ ದಡಬಡ ಎನ್ನುತ್ತಿದ್ದುದು ನಿಂತಿದೆ. ಮೂರನೆಯದರ ನಿಧಾನದ ಭಾಗ ಈಗ ಸರಿಯಾಗಿ ಕೇಳಿಸುತ್ತಿತ್ತೇನೋ. ಕ್ಯಾಸೆಟ್ ಅವನ ಹತ್ತಿರ ಇದೆ.

ಫೆಬ್ರವರಿ 21, ಶುಕ್ರವಾರ

ಒಬ್ಬ ಗಿರಾಕಿಯ ಬಿಳಿ ಅಂಗಿಯ ಬೆನ್ನ ಮೇಲೆ ಇಸ್ತ್ರಿಯ ಕಂದು ಗುರುತು. "ತರುವಾಗಲೇ ಇತ್ತು ಅಂತ ಹೇಳು" ಎಂದು ಯಜಮಾನರು ಕಣ್ಣಲ್ಲೇ ಸನ್ನೆ ಮಾಡಿದರು. ಗಿರಾಕಿ ಕೇಳಿದ. ನಾನು "ಇಲ್ಲೇ ಆಗಿದ್ದು" ಎಂದೆ. ಇನ್ನೊಂದು ಸಲ ಹೀಗಾದರೆ ಕೆಲಸ ಇಲ್ಲವಂತೆ. ಇದು ನನ್ನ ನಾಲ್ಕನೆಯ ಕೆಲಸ. ಶಾಲೆ ಬಿಟ್ಟದ್ದೂ ಹೀಗೆಯೇ: ಮಾಡದ ತಪ್ಪಿಗೆ ಕ್ಷಮೆ ಬರೆದುಕೊಡು ಎಂದರು, ಚೀಲ ಎತ್ತಿಕೊಂಡು ಬಂದೆ. ಕೂತಲ್ಲಿ ಕೂರಲು ಆಗುತ್ತಿರಲಿಲ್ಲ ಎಂಬುದೂ ನಿಜ, ಅದನ್ನೂ ಬರೆದಿಡಬೇಕು.

ಇಸ್ತ್ರಿ ಅಕ್ಕನಿಗೆ ನನ್ನ ಮೇಲೆ ಕೋಪ ಬರಲಿಲ್ಲ. ಸುಟ್ಟದ್ದು ಅವಳೇ. "ಲೇ ಸತ್ಯವಂತೆ, ನಿನ್ನ ನಾಲಿಗೆಗೊಂದು ಇಸ್ತ್ರಿ ಹಾಕ್ಬೇಕು ನೋಡು" ಎಂದು ನಕ್ಕು ಚಹಾ ತರಿಸಿದಳು. "ನಿಮ್ಮ ಲಿಫ್ಟಪ್ಪ ಎಲ್ಲಿಗೆ ಬಂದ?"

"ಎರಡು, ಮೂರು ಮುಗಿಸಿದಾನಂತೆ. ಮೂರನೇದರ ಉದ್ದ ಹಾಡು ಅವನಿಗೆ ತುಂಬಾ ಹಿಡಿಸಿದೆ. ಮೂವತ್ತು ಮಹಡಿ ನಿಲ್ಲದೆ ಹೋದ ಹಾಗಿದೆ ಅಂತ ಅಮ್ಮನ ಹತ್ರ ಹೇಳಿದ್ದಾನೆ."

"ಹಾಗಾದ್ರೆ ಆ ನಾಲ್ಕನೇದು ಕೊಟ್ಟುಬಿಡೇ. ಏನಿದೆ ಅದರಲ್ಲಿ ಅಂಥದ್ದು?"

ಮೊದಲ ಬಾರಿಗೆ ಒಬ್ಬರಿಗೆ ಹೇಳಿದೆ. ಕೊನೆಯ ಹಾಡು ಬರೀ ಗಿಟಾರ್ ಮತ್ತು ಧ್ವನಿ. ಅರ್ಧದಲ್ಲಿ ಇದ್ದಕ್ಕಿದ್ದಂತೆ ಒಂದು ಮಗು ಅಳುತ್ತದೆ. ಕುರ್ಚಿ ಸರಿದ ಸದ್ದು. ಒಬ್ಬ ಹೆಂಗಸು ಶ್, ಶ್, ಶ್ಶ್ಶ್ ಎನ್ನುತ್ತಾಳೆ. ಆಮೇಲೆ ಒಬ್ಬ ಗಂಡಸಿನ ಸಣ್ಣ ನಗು. ಹಾಡು ನಿಲ್ಲುವುದೇ ಇಲ್ಲ, ಇದೆಲ್ಲದರ ನಡುವೆಯೇ ಹೋಗುತ್ತದೆ. ಪ್ರಪಂಚದಲ್ಲಿ ಇನ್ಯಾವ ಬ್ಯಾಂಡಿಗೆ ಈ ಧೈರ್ಯ ಬಂದೀತು? ಅಷ್ಟು ದುಃಖದ ಹಾಡಿನ ನಡುವೆ ಒಂದು ಮಗುವನ್ನು ತಂದು ಕೂರಿಸುವುದು! ಈ ಬ್ಯಾಂಡು ದೊಡ್ಡದು ಎಂದು ನಾನು ಹೇಳುವುದು ಆ ಮಗುವಿಗಾಗಿ. ಕೂತಲ್ಲಿ ಕೂರಲಾರದ ನಾನು ಆ ಹಾಡು ಮುಗಿಯುವವರೆಗೆ ಕದಲುವುದಿಲ್ಲ.

ಅಕ್ಕ ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿ ಕೇಳಿದಳು. "ಕೊಟ್ಟು ನೋಡು. ಆ ಮಗು ಅವನಿಗೆ ಕೇಳಿಸದಿದ್ರೆ ಕೈ ಬಿಡು."

ಫೆಬ್ರವರಿ 26, ಬುಧವಾರ

ಕೊಟ್ಟೆ. ಷರತ್ತು: ವ್ಯಾನಿನಲ್ಲಿ ಹಾಕಬಾರದು, ಹೆಡ್‌ಫೋನಿನಲ್ಲೇ ಕೇಳಬೇಕು, ಬಿಸಿಲಿಗೆ ಇಡಬಾರದು, ಬೇರೆಯವರಿಗೆ ಕೇಳಿಸಬಾರದು. ಎಲ್ಲದಕ್ಕೂ ತಲೆಯಾಡಿಸಿ, ಕ್ಯಾಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ, ಹೊರ ಜೇಬಿಗಲ್ಲ, ಒಳ ಜೇಬಿಗೆ ಹಾಕಿಕೊಂಡರು.

ಮಗುವಿನ ವಿಷಯ ಹೇಳಲಿಲ್ಲ. ಅವರೇ ಹೇಳಬೇಕು.

ಮಾರ್ಚ್ 2, ಭಾನುವಾರ

ಏನೋ ಆಗಿದೆ.

ಊಟಕ್ಕೆ ಬಂದವನು ನನ್ನ ಮುಖ ನೋಡಲಿಲ್ಲ. "ಕೇಳಿದ್ರಾ?" ಎಂದರೆ "ಕೇಳಿದೆ" ಎಂದ. "ಹೇಗಿದೆ?" ಎಂದರೆ "ಚೆನ್ನಾಗಿದೆ" ಎಂದ. ಬೆಡ್‌ಶೀಟ್ ಹೊದಿಸಿದ ಐದನೆಯದರ ಬಗ್ಗೆ ಅಷ್ಟು ಮಾತಾಡಿದವನಿಗೆ ನಾಲ್ಕನೆಯದರ ಬಗ್ಗೆ ಒಂದೇ ಮಾತೇ?

ತಡೆಯಲಾಗದೆ ನಾನೇ ಕೇಳಿದೆ: "ಕೊನೇ ಹಾಡಲ್ಲಿ ಮಗು ಅಳೋದು ಕೇಳಿಸ್ತಾ?"

ಲೋಟ ಎತ್ತಿ ನೀರು ಕುಡಿದ. ಪೂರ್ತಿ ಕುಡಿದ. "ಹೂಂ, ಮಗು ಇದೆ" ಎಂದು ಕಿಟಕಿಯ ಕಡೆ ನೋಡಿದ. "ಕ್ಯಾಸೆಟ್ ಇನ್ನೆರಡು ದಿನ ನನ್ನ ಹತ್ರ ಇರ್ಲಾ?"

ಕೇಳಿಲ್ಲ. ಅಥವಾ ಕ್ಯಾಸೆಟ್ಟಿಗೆ ಏನೋ ಮಾಡಿದ್ದಾನೆ, ಮೋಟಾರಿನ ಪಕ್ಕ ಇಟ್ಟು ಅಳಿಸಿಬಿಟ್ಟಿದ್ದಾನೆ.

ಮಾರ್ಚ್ 5, ಬುಧವಾರ

ಸುಳ್ಳುಗಾರ.

ಅಮ್ಮನ ಛತ್ರಿ ತರಲು ವ್ಯಾನಿನ ಹಿಂಬಾಗಿಲು ತೆಗೆದೆ. ತಂತಿ ಸುರುಳಿಗಳ ಹಿಂದೆ, ಗೋಣಿ ಬಟ್ಟೆಯಲ್ಲಿ ಸುತ್ತಿದ ಚೌಕದ ವಸ್ತು. ಮೂಲೆ ಇಣುಕುತ್ತಿತ್ತು. ನೀಲಿ ಹೊದಿಕೆ, ಖಾಲಿ ಕುರ್ಚಿಯ ಚಿತ್ರ. ಐದನೆಯದರ ಕ್ಯಾಸೆಟ್ಟಿನ ಒಳಗೆ, ಹಳೆಯ ಆಲ್ಬಂಗಳ ಪಟ್ಟಿಯಲ್ಲಿ, ಬೆರಳಿನ ಉಗುರಿನಷ್ಟೇ ಅಗಲಕ್ಕೆ ಅಚ್ಚಾಗಿರುವ ಆ ಚಿತ್ರವನ್ನು ನಾನು ಕಣ್ಣು ಮುಚ್ಚಿ ಬಿಡಿಸಬಲ್ಲೆ. ನಾಲ್ಕನೆಯದರ ರೆಕಾರ್ಡು. ನಿಜವಾದದ್ದು. ಹಳೆಯದು, ಅಂಚು ಸವೆದದ್ದು.

ರಾಕ್ ಗೀಕ್ ಏನೂ ಕೇಳಿದವನಲ್ಲವಂತೆ! ಯಾರಿಗೂ ಸಿಗದ ರೆಕಾರ್ಡು ಇಟ್ಟುಕೊಂಡಿರುವವನು, ಎಲ್ಲಿಂದ ಶುರು ಮಾಡಲಿ ಎಂದು ನನ್ನನ್ನು ಕೇಳುತ್ತಾನೆ. ಡ್ರಮ್ಮಿನವನ ಜಗಳ ಗೊತ್ತಿದ್ದದ್ದು ಹೀಗೆ. ಎಲ್ಲ ನಾಟಕ. ನಾನು ಎಲ್ಲಿ ಮೆತ್ತಗಾಗುತ್ತೇನೆಂದು ಮೊದಲೇ ಲೆಕ್ಕ ಹಾಕಿ ಬಂದವನು.

ಛತ್ರಿ ತೆಗೆದುಕೊಂಡು ಬಾಗಿಲು ಹಾಕಿದೆ. ಅಮ್ಮನಿಗೆ ಇವತ್ತೇ ಉಹೂಂ ಎನ್ನುವವಳಿದ್ದೆ. ಅವಳು ಸ್ಟೂಲ್ ಹತ್ತಿ, ಒಂಬತ್ತನೇ ತಾರೀಖಿಗೆಂದು ಪರದೆ ಬದಲಿಸುತ್ತಿದ್ದಳು. ಹಿಡಿದುಕೋ ಎಂದಳು, ಹಿಡಿದುಕೊಂಡೆ. ಯಾರನ್ನೇ ಆಗಲಿ ಮುಖಕ್ಕೆ ಮುಖ ಕೇಳದೆ ಕಳ್ಳ ಎನ್ನುವುದು ಸರಿಯಲ್ಲ. ಶಾಲೆಯವರು ನನಗೆ ಮಾಡಿದ್ದು ಅದನ್ನೇ.

ಮಾರ್ಚ್ 7, ಶುಕ್ರವಾರ

ಯಜಮಾನರಿಗೆ ಹೇಳಿ ಮಧ್ಯಾಹ್ನವೇ ಹೊರಟೆ. ಅಮ್ಮನ ಕಚೇರಿಯ ಲಿಫ್ಟು ಮತ್ತೆ ಕೆಟ್ಟಿತ್ತು. ಮೆಟ್ಟಿಲು ಹತ್ತಿ ಮೇಲೆ ಹೋದೆ. ತಾರಸಿಯ ಮೇಲೊಂದು ಚಿಕ್ಕ ಕೋಣೆ, ಒಳಗೆ ಎತ್ತಿನಷ್ಟು ದೊಡ್ಡ ಮೋಟಾರು, ಗ್ರೀಸಿನ ವಾಸನೆ, ನೆಲದ ಸಂದಿಯಿಂದ ಕೆಳಗೆ ಕತ್ತಲಿಗೆ ಇಳಿದ ಉಕ್ಕಿನ ಹಗ್ಗಗಳು. ಅವರು ಮಂಡಿಯೂರಿ ಏನನ್ನೋ ಬಿಚ್ಚುತ್ತಿದ್ದರು.

ಮೊದಲು ಲಿಫ್ಟಿನ ವಿಷಯ ಕೇಳಿದೆ. ಸವೆದ ಬ್ರೇಕಿನ ಪಟ್ಟಿಯನ್ನು ಕೈಯಲ್ಲಿಟ್ಟರು. ಒಂದು ಕಡೆ ಕಾಗದದಷ್ಟು ತೆಳು. ಕಟ್ಟಡದ ಮಾಲೀಕ ಹೊಸದು ತರಿಸುವುದಿಲ್ಲವಂತೆ. ನಿಜವಾಗಿಯೇ ಕೆಟ್ಟಿದೆ. ಸರಿ, ಅದೊಂದು ಬಿಟ್ಟೆ.

"ನೀವು ಸುಳ್ಳು ಹೇಳಿದ್ರಿ" ಎಂದೆ.

"ಯಾವುದು?"

"ಯಾವುದು ಅಂದ್ರೆ? ಒಂದಕ್ಕಿಂತ ಜಾಸ್ತಿ ಇದೆಯಾ?"

"ಇರಬಹುದು. ಹೇಳು, ಒಪ್ಕೊಳ್ಳೋದಾದ್ರೆ ಒಪ್ಕೊಳ್ತೀನಿ."

"ರಾಕ್ ಕೇಳಿಲ್ಲ ಅಂದ್ರಿ. ನಾಲ್ಕನೇದರ ರೆಕಾರ್ಡು ನಿಮ್ಮ ವ್ಯಾನಲ್ಲಿದೆ."

ಸ್ಪ್ಯಾನರ್ ಕೆಳಗಿಟ್ಟು, ಚಿಂದಿ ಬಟ್ಟೆಯಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. "ಅದನ್ನ ಹೋದ ಶುಕ್ರವಾರ ಕೊಂಡಿದ್ದು. ಹಳೇ ರೆಕಾರ್ಡಿನ ಅಂಗಡಿಗಳೆಲ್ಲ ಸುತ್ತಿದೆ. ನಿನ್ನ ಕ್ಯಾಸೆಟ್ಟು ಸವೆದಿದೆಯಲ್ಲ, ಇನ್ನೆಷ್ಟು ದಿನ ಬಂದೀತು? ನಿಮ್ಮನೇಲಿ ಹಳೇ ರೆಕಾರ್ಡ್ ಪ್ಲೇಯರ್ ಇದೆ. ಕೊಡೋಣ ಅಂತ."

"ಮತ್ತೆ ಯಾಕೆ ಕೊಡ್ಲಿಲ್ಲ?"

"ಗೀರು ಇದೆಯಾ ಅಂತ ಅಂಗಡಿಯವನ ಹತ್ರಾನೇ ಹಾಕಿಸಿ ಕೇಳಿದೆ." ಚಿಂದಿ ಬಟ್ಟೆಯನ್ನು ಮಡಿಸಿಟ್ಟರು. "ಅದರಲ್ಲಿ ಮಗು ಇಲ್ಲ."

"ಏನು?"

"ಕೊನೇ ಹಾಡಲ್ಲಿ. ಮಗೂನೂ ಇಲ್ಲ, ಕುರ್ಚಿನೂ ಇಲ್ಲ, ನಗೋನೂ ಇಲ್ಲ. ಬರೀ ಗಿಟಾರು. ಮೂರು ಸಲ ಹಾಕಿಸಿದೆ. ಅಂಗಡಿಯವನು ಬೈದ."

ಬೇರೆ ರೆಕಾರ್ಡ್ ಇರಬೇಕು ಎಂದೆ. ಅಂಗಡಿಯವನು ಮೋಸ ಮಾಡಿದ್ದಾನೆ ಎಂದೆ. ಇನ್ನೂ ಏನೇನೋ ಅಂದೆ, ಬರೆಯುವಂಥದ್ದಲ್ಲ. ಅವರು ಎಲ್ಲವನ್ನೂ ಕೇಳಿಸಿಕೊಂಡರು.

"ಭಾನುವಾರ ಯಾಕೆ ಹೇಳ್ಲಿಲ್ಲ?"

"ಹೇಳೋಕೆ ನಾನ್ಯಾರು? ನೀನು ಕಾಪಾಡ್ಕೊಂಡು ಬಂದಿರೋ ಹಾಡು. ಊಟಕ್ಕೆ ಬಂದೋನು ಅದನ್ನ ಕಿತ್ಕೊಂಡು ಹೋಗಬಾರದು."

"ಹೇಳದೆ ಇರೋದೂ ಸುಳ್ಳೇ."

"ಹೌದು" ಎಂದರು. "ಸುಳ್ಳೇ. ನೀನು ಕೇಳಿದ್ದು ಒಳ್ಳೇದಾಯ್ತು."

ಆಮೇಲೆ ಎದ್ದು ನಿಂತು, ನೆಲದ ಸಂದಿಯನ್ನು ತೋರಿಸಿದರು. "ನಿಮ್ಮಮ್ಮ ಒಳಗೆ ಸಿಕ್ಕಿಕೊಂಡಿದ್ದ ದಿನ ನಾನು ಇಲ್ಲೇ ಬಗ್ಗಿ ಕೂತಿದ್ದೆ. ಆ ಹುಡುಗಿ ಅಳ್ತಾ ಇತ್ತು. ನಿಮ್ಮಮ್ಮನ ಮುಖ ನಾನಿನ್ನೂ ನೋಡಿರ್ಲಿಲ್ಲ. ಇಲ್ಲಿಂದ ಕೇಳಿಸ್ತಿದ್ದದ್ದು ಒಂದೇ. ಶ್, ಶ್, ಶ್ಶ್ಶ್. ಎರಡು ಚಿಕ್ಕದು, ಒಂದು ಉದ್ದ." ಒಳ ಜೇಬಿನಿಂದ ಕರವಸ್ತ್ರ ತೆಗೆದು, ಬಿಚ್ಚಿ, ಕ್ಯಾಸೆಟ್ಟನ್ನು ನನ್ನ ಕೈಗೆ ಕೊಟ್ಟರು. "ಮಿಕ್ಕಿದ್ದು ನಾನು ಹೇಳಬಾರದು. ಮನೇಲಿ ಕೇಳು."

ರೆಕಾರ್ಡನ್ನೂ ತಂದಿದ್ದೇನೆ. ಎರಡೂ ಮೇಜಿನ ಮೇಲಿವೆ. ಮುಟ್ಟಿಲ್ಲ.

ಮಾರ್ಚ್ 8, ಶನಿವಾರ

ರಜೆ ಹಾಕಿದೆ. ಅಮ್ಮ ಅಂಗಡಿಗೆ ಹೋದಾಗ ಅಪ್ಪನ ಪ್ಲೇಯರನ್ನು ಕೆಳಗಿಳಿಸಿ ರೆಕಾರ್ಡ್ ಹಾಕಿದೆ.

ಹೌದು. ಇಲ್ಲ. ಯಾರೂ ಇಲ್ಲ. ಹಾಡು ಚೆನ್ನಾಗಿಯೇ ಇದೆ, ಗಿಟಾರಿನ ಒಂದೊಂದು ತಂತಿಯೂ ಕೇಳಿಸುತ್ತದೆ. ಮನೆಯವರೆಲ್ಲ ಎಲ್ಲೋ ಹೋಗಿರುವ ಮನೆಗೆ ಬಂದ ಹಾಗಾಯಿತು.

ಅಮ್ಮ ಬಂದು ಅಡುಗೆಮನೆಯಲ್ಲಿ ತರಕಾರಿ ಹೆಚ್ಚಲು ಕೂತಳು. ನಾನು ಟೇಪ್ ರೆಕಾರ್ಡರಿನಿಂದ ಹೆಡ್‌ಫೋನ್ ಕಿತ್ತೆ. ಕೊನೆಯ ಹಾಡಿನವರೆಗೆ ಓಡಿಸಿ, ಜೋರಾಗಿ ಹಾಕಿದೆ. ಇಷ್ಟು ವರ್ಷಗಳಲ್ಲಿ ಅದನ್ನು ಗಾಳಿಗೆ ಬಿಟ್ಟದ್ದು ಇದೇ ಮೊದಲು.

ಮಗು ಅತ್ತಿತು. ಹೆಚ್ಚುವ ಸದ್ದು ನಿಂತಿತು. ಕುರ್ಚಿ ಸರಿಯಿತು. ಶ್, ಶ್, ಶ್ಶ್ಶ್. ಅಷ್ಟರಲ್ಲಿ ಅಮ್ಮ ಚಾಕು ಹಿಡಿದುಕೊಂಡೇ ನನ್ನ ಬಾಗಿಲಲ್ಲಿದ್ದಳು. ಆಮೇಲೆ ಆ ನಗು ಬಂತು. ಅಮ್ಮ ಬಾಗಿಲ ಚೌಕಟ್ಟಿಗೆ ಒರಗಿಕೊಂಡಳು.

"ಇದು ಇನ್ನೂ ಇದೆಯಾ?" ಎಂದಳು.

"ಯಾರಮ್ಮಾ ಇದು?"

"ನೀನೇ ಕಣೇ. ನಿನಗೆ ಹಲ್ಲು ಬರ್ತಿತ್ತು." ಮಂಚದ ತುದಿಯಲ್ಲಿ ಕೂತಳು. "ಯಾರೋ ಸ್ನೇಹಿತರದ್ದು ರೆಕಾರ್ಡು, ಒಂದೇ ದಿನಕ್ಕೆ ಕೊಟ್ಟಿದ್ರು. ಜೋಡಿಸೋಕೆ ವೈರ್ ಇರ್ಲಿಲ್ಲ. ನಿಮ್ಮಪ್ಪ ಸ್ಪೀಕರ್ ಮುಂದೆ ಟೇಪ್ ರೆಕಾರ್ಡರ್ ಇಟ್ಟು, ಕಿಟಕಿ ಎಲ್ಲ ಹಾಕಿ, ಯಾರೂ ಉಸಿರು ಬಿಡಬಾರದು ಅಂದ್ರು. ನನಗೆ ಸೀನು ಬಂದ್ರೂ ಸೆರಗು ಕಚ್ಕೊಂಡು ಕೂತಿದ್ದೆ. ಎಲ್ಲ ಹಾಡೂ ಆಯ್ತು. ಕೊನೇದಕ್ಕೆ ನೀನು ಎದ್ದೆ."

"ಕುರ್ಚಿ?"

"ನಿನ್ನ ಎತ್ಕೊಳ್ಳೋಕೆ ನಾನು ಎದ್ದದ್ದು."

ನಗುವಿನ ಬಗ್ಗೆ ನಾನು ಕೇಳಲಿಲ್ಲ. ಅವಳೇ ಹೇಳಿದಳು. "ಬೈತಾರೆ ಅಂದ್ಕೊಂಡೆ. ನೋಡಿದ್ರೆ ನಗ್ತಿದಾರೆ. ಇದೊಂದು ಹಾಡು ಮತ್ತೆ ಮಾಡೋಣ ಅಂದೆ. ಬೇಡ, ಹೀಗೇ ಇರ್ಲಿ, ಈಗ ಚೆನ್ನಾಗಾಯ್ತು ಅಂದ್ರು."

ಟೇಪನ್ನು ಹಿಂದಕ್ಕೆ ಓಡಿಸಿ ಮತ್ತೆ ಹಾಕಿದೆವು. ಆಮೇಲೆ ಮತ್ತೆ. ಅಮ್ಮ ಚಾಕುವನ್ನು ಎಲ್ಲಿಟ್ಟಳೆಂದು ಇಬ್ಬರಿಗೂ ನೆನಪಾಗದೆ ಹುಡುಕಿದೆವು, ದಿಂಬಿನ ಮೇಲಿತ್ತು.

ಅಪ್ಪನ ಧ್ವನಿ ನೆನಪಿಲ್ಲ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ಅದು ನಿಜವಲ್ಲ. ತಿದ್ದಿ ಬರೆದಿಡುತ್ತಿದ್ದೇನೆ: ನೆನಪಿದೆ.

ಮಾರ್ಚ್ 9, ಭಾನುವಾರ

ಅವರ ಅಕ್ಕ ಬಂದರು. ಮೂಟೆಯಷ್ಟು ದೊಡ್ಡ ಕೈಚೀಲ, ಅದಕ್ಕಿಂತ ದೊಡ್ಡ ಧ್ವನಿ. ತಮ್ಮನ ಬೂಟಿನ ಪಕ್ಕ ತಮ್ಮ ಚಪ್ಪಲಿಯನ್ನೂ ಬಾಗಿಲ ಕಡೆಗೆ ಮೂತಿ ಮಾಡಿ ಇಟ್ಟರು. ಮನೆತನದ ಅಭ್ಯಾಸವಿರಬೇಕು. ಓಡಿಹೋಗುವ ಮನೆತನವೋ, ಶಿಸ್ತಿನ ಮನೆತನವೋ ಇನ್ನೂ ನೋಡಬೇಕು.

ಊಟವಾದ ಮೇಲೆ ಎಲ್ಲರೂ ನನ್ನ ಮುಖ ನೋಡಿದರು. ಅಮ್ಮ ಹೊಸ ಪರದೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಒಂದು ಪ್ರಶ್ನೆ ಇದೆ" ಎಂದೆ ಅವರಿಗೆ. "ಐದನೇದು. ಈಗ ಎಲ್ಲಾ ಕೇಳಿದ ಮೇಲೆ ಹೇಳಿ. ಹೇಗಿದೆ?"

ಅವರ ಅಕ್ಕನಿಗೆ ಏನೂ ಅರ್ಥವಾಗಲಿಲ್ಲ. "ಏನೋ ಅದು? ಅವಳು ಹೇಗೆ ಅಂತಾಳೋ ಹಾಗೆ ಹೇಳೋ ಮಾರಾಯ!" ಎಂದು ತಮ್ಮನ ತೋಳು ತಿವಿದರು.

ಅವರು ಅಮ್ಮನನ್ನು ನೋಡಿದರು, ನನ್ನನ್ನು ನೋಡಿದರು, ನೆಲ ನೋಡಿದರು. "ವಯಲಿನ್ ಚೆನ್ನಾಗೇ ಇದೆ" ಎಂದರು.

"ಹೂಂ" ಎಂದೆ.

"ಯಾವುದಕ್ಕೇ ಹೂಂ?" ಎಂದಳು ಅಮ್ಮ. "ವಯಲಿನ್ನಿಗಾ?"

"ವಯಲಿನ್ನಿಗಲ್ಲ."

ಅಮ್ಮ ಎದ್ದು ಅಡುಗೆಮನೆಗೆ ಹೋದಳು, ಬಹಳ ಹೊತ್ತು ನೀರು ಬಿಟ್ಟುಕೊಂಡು ಪಾತ್ರೆ ತೊಳೆದಳು. ತೊಳೆಯಬೇಕಾದ ಪಾತ್ರೆಗಳೆಲ್ಲ ಇನ್ನೂ ಮೇಜಿನ ಮೇಲೇ ಇದ್ದವು.

ಹೊರಡುವಾಗ ಅವರ ಅಕ್ಕ ನನ್ನ ಕೆನ್ನೆ ಹಿಂಡಿ, "ಅದೇನೋ ಹಾಡಂತಲ್ಲ, ನನಗೂ ಒಂದು ಕೊಡಮ್ಮ. ಯಾವುದರಿಂದ ಶುರು ಮಾಡ್ಲಿ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಅವರು ಬೂಟು ಹಾಕಿಕೊಳ್ಳುತ್ತಾ ಹೇಳಿದರು: "ನಾಲ್ಕನೇದು ಮಾತ್ರ ಕೇಳಬೇಡ ಅಕ್ಕ. ಕೊಡಲ್ಲ."

ಈ ಮನೆಯವರೆಲ್ಲ ಯಾಕೆ ಇದೇ ಪ್ರಶ್ನೆ ಕೇಳುತ್ತಾರೆ? ಏನೋ ಇದೆ. ಅವರನ್ನೂ ನಾನು ಪೂರ್ತಿ ನಂಬಿಬಿಟ್ಟಿದ್ದೇನೆ ಎಂದೇನಲ್ಲ. ನಾಲ್ಕನ್ನೂ ಕೇಳಿದ ಮೇಲೂ ಐದನೆಯದು ಚೆನ್ನಾಗಿದೆ ಎನ್ನುವವರನ್ನು ಹೇಗೆ ನಂಬುವುದು? ಸದಾ ಒಂದು ಕಣ್ಣಿಟ್ಟಿರಬೇಕು. ಅದಕ್ಕೆ ಒಂದೇ ಮನೆಯಲ್ಲಿದ್ದರೆ ಅನುಕೂಲ.